ಕಾಮಣ್ಣನಾಗಿ ಕೂತ ನಮ್ಮಣ್ಣ

ಮೊನ್ನೆ ಮೊಮ್ಮಗಳು ಕೆಂಪು ಗುಲಾಬಿಯೊಂದನ್ನು ನೀರಿನ ಲೋಟದಲ್ಲಿಟ್ಟು, ಇವತ್ತು ಪ್ರೇಮಿಗಳ ದಿನ, ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿತ್ತು ಎಂದು ನನ್ನನ್ನು ಕನಿಕರದಿಂದ ನೋಡಿದಳು. ನಮಗೂ ಇತ್ತು, ಕಾಮನ ಹುಣ್ಣಿಮೆ ಎಂದೆ.

ನೀವೂ ಕೇಳಿರುತ್ತೀರಿ. ತಪಸ್ಸು ಕೆಡಿಸಲು ಹೂಬಾಣ ಬಿಟ್ಟ ಕಾಮನನ್ನು ಶಿವ ಹಣೆಗಣ್ಣು ತೆರೆದು ಸುಟ್ಟ. ರತಿ ಅತ್ತಳು. ಕರಗಿದ ಶಿವ ಗಂಡನನ್ನು ಬದುಕಿಸಿಕೊಟ್ಟ, ಆದರೆ ಅವಳೊಬ್ಬಳ ಕಣ್ಣಿಗಷ್ಟೇ ಕಾಣುವ ಹಾಗೆ. ಈ ಕತೆ ಹೇಳುವಾಗ ನಮ್ಮಜ್ಜಿ ಪ್ರತಿ ಸಲವೂ ಶಿವನನ್ನು ಒಂದಿಷ್ಟು ಬೈದು, ಆಮೇಲೆ ವಿಭೂತಿ ಹಚ್ಚಿಕೊಂಡು ತಪ್ಪಾಯಿತೆನ್ನುತ್ತಿದ್ದಳು.

ಅರವತ್ತರ ದಶಕದ ಆರಂಭ. ದಾವಣಗೆರೆಯ ನಮ್ಮ ಓಣಿಯಲ್ಲಿ ಹಬ್ಬಕ್ಕೆ ಜೀವಂತ ರತಿ-ಕಾಮರನ್ನು ಕೂರಿಸುತ್ತಿದ್ದರು. ಇಬ್ಬರೂ ಗಂಡಸರೇ, ಒಬ್ಬನಿಗೆ ಸೀರೆ. ಜನ ಏನೇ ಚೇಷ್ಟೆ ಮಾಡಿದರೂ ನಗಬಾರದು. ಗೆದ್ದರೆ ಬೆಳ್ಳಿ ಕಡಗ. ಆ ವರ್ಷ ಕಾಮಣ್ಣನಾಗಿ ನಮ್ಮಣ್ಣನನ್ನು ಕೂರಿಸಿದರು. ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಮಾತೂ ಅಷ್ಟೇ. ಎರಡು ವರ್ಷ ಕಂಬದ ಜೊತೆ ಬಾಳ್ವೆ ಮಾಡಿದಂತಾಯಿತೆಂದು ದೀಪಾವಳಿಗೆ ಹರಿಹರದ ತವರಿಗೆ ಹೋದ ಅತ್ತಿಗೆ ತಿರುಗಿ ಬಂದಿರಲಿಲ್ಲ. ಹೋಗಿ ಕರೆತಾರೋ ಎಂದು ಅಪ್ಪ ಹೇಳಿದರೆ ಅಣ್ಣ ತಲೆ ತಗ್ಗಿಸಿ ಗಿರಣಿಗೆ ನಡೆಯುತ್ತಿದ್ದ. ಅದನ್ನು ನಾವೆಲ್ಲ ಸೊಕ್ಕು ಎಂದುಕೊಂಡಿದ್ದೆವು.

ಮಧ್ಯಾಹ್ನ. ಕೆನ್ನೆಗೆ ಬಣ್ಣ ಬಳಿದುಕೊಂಡು, ಕಬ್ಬಿನ ಬಿಲ್ಲು ಹಿಡಿದು ಅಣ್ಣ ಕಲ್ಲಿನಂತೆ ಕೂತಿದ್ದ. ಆಗಲೇ ಕಾಲೇಜು ಮೆಟ್ಟಿಲು ಹತ್ತಿದ್ದ ನಾನು ಕತ್ತೆಯಂತೆ ಅರಚಿ ನೋಡಿದೆ. ನಕ್ಕವರು ಬೇರೆಯವರು. ಅಷ್ಟರಲ್ಲಿ ಗುಂಪು ಸರಿದು ದಾರಿ ಬಿಟ್ಟಿತು. ಅತ್ತಿಗೆ ತಮ್ಮ ತಂದೆಯ ಜೊತೆ ಬಂದು ನಿಂತಿದ್ದರು. ಅಣ್ಣನನ್ನು ಮೇಲಿಂದ ಕೆಳಗೆ ನೋಡಿ ಮೆಲ್ಲಗೆ ಕೇಳಿದರು.

"ಯಾಕ್ರಿ ಇಷ್ಟು ಸೊರಗೀರಿ? ಉಂಡೀರೋ ಇಲ್ಲೋ?"

ಅಣ್ಣ ನಗಲಿಲ್ಲ. ಕಣ್ಣೀರಿಳಿದು ಕೆನ್ನೆಯ ಬಣ್ಣವೆಲ್ಲ ಕದಡಿತು. "ನೀ ಹೋದಮ್ಯಾಲೆ ಊಟನ ಸೇರವಲ್ದು," ಎಂದ, ಅಷ್ಟು ಜನರ ಎದುರಿಗೆ.

ಕಡಗದ ಬಗ್ಗೆ ಹಿರಿಯರು ಬಹಳ ಹೊತ್ತು ವಾದಿಸಿದರು. ನಗಬಾರದೆಂಬ ನಿಯಮವಿತ್ತೇ ಹೊರತು ಅಳಬಾರದೆಂದಿರಲಿಲ್ಲ. ಕೊನೆಗೆ ಮಾತಾಡಿದ್ದೇ ತಪ್ಪೆಂದು ರತಿಯಾಗಿದ್ದವನಿಗೆ ಕೊಟ್ಟರು. ಅದನ್ನು ನೋಡಲು ಅಣ್ಣ ಅಲ್ಲಿರಲಿಲ್ಲ. ಮನೆಯಲ್ಲಿ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದರು, ಅವನು ಮುಖವನ್ನೂ ತೊಳೆಯದೆ ಒಲೆಯ ಪಕ್ಕ ಕೂತಿದ್ದ.

ಅಣ್ಣ ಈಗಿಲ್ಲ. ಮೊನ್ನೆ, ಮೊಮ್ಮಗಳು ಗುಲಾಬಿ ಇಟ್ಟ ದಿನದ ಸಂಜೆಯೇ, ನಿಜಲಿಂಗಪ್ಪ ಬಡಾವಣೆಗೆ ಹೋಗಿ ಅತ್ತಿಗೆಯನ್ನು ಕಂಡೆ. ಅವತ್ತು ಅಣ್ಣನಿಗಾಗಿ ಎಂಥ ಹೊತ್ತಿಗೆ ಬಂದಿರಿ ಎಂದೆ.

"ಅವರಿಗಾಗಿ ಎಲ್ಲಿ ಬಂದಿದ್ದೆ ತಮ್ಮಾ? ನನ್ನ ಸೀರಿ ಪೆಟ್ಟಿಗಿ ಒಯ್ಯಾಕೆ ಬಂದಿದ್ದೆ. ಮನಿಗೆ ಬೀಗ ಇತ್ತು. ಕೀಲಿ ಕೇಳಾಕೆ ಅಲ್ಲಿಗೆ ಬಂದೆ."

ದಾರಿಯುದ್ದಕ್ಕೂ ಆ ಬೀಗವನ್ನೇ ನೆನೆಯುತ್ತ ಮನೆಗೆ ಬಂದೆ. ಹೆಂಡತಿ ಬಾಗಿಲು ತೆರೆದಳು. ನೀನಿದ್ದದ್ದಕ್ಕೆ ನನ್ನ ದಿನಗಳು ಚೆಂದಾಗಿ ಹೋದವು ಎಂದೆ. ಐವತ್ತು ವರ್ಷಗಳಲ್ಲಿ ಅಂಥ ಮಾತು ಆಡಿದವನಲ್ಲ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.