ಜೋಳದ ಹೊಲದಲ್ಲಿ ಹಾಲಿನ ಕೊಳವೆ

ಓಕ್ಕಾಳ ಕೈಯಿಂದ ಹಲ್ಲು ಉದುರಿಸಿಕೊಂಡವರು ನಮ್ಮೂರಿನಲ್ಲಿ ಇಬ್ಬರಿದ್ದಾರೆ. ಒಬ್ಬ ಅವಳ ಮಾಜಿ ಗಂಡ. ಇನ್ನೊಬ್ಬ, ಹೆಂಗಸು ಇಷ್ಟು ದೊಡ್ಡ ಯಂತ್ರ ಓಡಿಸುವುದುಂಟೇ ಎಂದು ಹೆಂಡದಂಗಡಿಯಲ್ಲಿ ಹಲ್ಲು ಕಿಸಿದವನು. ಇಬ್ಬರಿಗೂ ಆಗಬೇಕಾದದ್ದೇ ಆಯಿತು ಎನ್ನುವವನು ನಾನು.

ಜರ್ಮನಿಯ ಉತ್ತರದ ತುದಿ, ಪೂರ್ವ ಫ್ರೀಸಿಯಾ ನಮ್ಮದು. ಇಲ್ಲಿ ಮೊದಲು ಕಣ್ಣು ಹಾಯಿಸಿದಲ್ಲೆಲ್ಲ ಹಸುಗಳಿದ್ದವು. ಗ್ಯಾರೆಲ್ಟ್ ಎಂಬ ಭೂಪ ಬಯೋಗ್ಯಾಸ್ ಘಟಕ ಕಟ್ಟಿದ ಮೇಲೆ ಕಣ್ಣಿಗೆ ಬೀಳುವುದೆಲ್ಲ ಮೆಕ್ಕೆಜೋಳ. ಕಾಳಿಗಲ್ಲ, ದಂಟು ಸಮೇತ ಕತ್ತರಿಸಿ, ಹುದುಗು ಹಿಡಿಸಿ, ಆ ಗ್ಯಾಸಿನಿಂದ ಕರೆಂಟು ಮಾಡುವುದಕ್ಕೆ. ಓಕ್ಕಾ ಅವನ ಕಟಾವು ಯಂತ್ರ ಓಡಿಸುತ್ತಿದ್ದಳು. ಪಕ್ಕದಲ್ಲೇ ಟ್ರ್ಯಾಕ್ಟರ್ ಓಡಿಸುತ್ತ, ಯಂತ್ರದ ಸೊಂಡಿಲು ಉಗುಳುವ ಪುಡಿಯನ್ನು ಗಾಡಿಗೆ ತುಂಬಿಸಿಕೊಳ್ಳುವ ಕೆಲಸ ನನ್ನದು.

ಅವಳ ತಮ್ಮ ತ್ಯಾರ್ಕ್ ಅರವತ್ತು ಹಸು ಸಾಕಿದ್ದವನು. ಅವನು ಗೇಣಿಗೆ ಹಿಡಿದಿದ್ದ ಹುಲ್ಲುಗಾವಲಿಗೆ ಗ್ಯಾರೆಲ್ಟ್ ದುಪ್ಪಟ್ಟು ಕೊಟ್ಟು ಜೋಳ ಬಿತ್ತಿದ. ಹಸುಗಳು ಕಸಾಯಿಖಾನೆಯ ಲಾರಿ ಹತ್ತಿದ ದಿನ ತ್ಯಾರ್ಕ್ ಕೊಡಲಿ ಹಿಡಿದು ಹೋಗಿ ಗ್ಯಾರೆಲ್ಟನ ಕಾರನ್ನು ಪುಡಿಪುಡಿ ಮಾಡಿದ. ಗ್ಯಾರೆಲ್ಟನ ಆಳುಗಳು ಅವನನ್ನು ಕೆಡವಿ ಒದ್ದು, ಎರಡು ಪಕ್ಕೆಲುಬು ಮುರಿದರು. ಓಕ್ಕಾ ಮಾತ್ರ ಮರುದಿನವೂ ಯಂತ್ರ ಹತ್ತಿದಳು.

ತ್ಯಾರ್ಕ್ ಹಾಸಿಗೆಯಿಂದ ಎದ್ದ ಮೇಲೆ ಒಂದು ಭಾನುವಾರ ಮೂವರೂ ಚಹಾಕ್ಕೆ ಕೂತಿದ್ದೆವು. ಬಿಸಿ ಚಹಾ ಬಿದ್ದು ಬಟ್ಟಲಿನ ತಳದ ಕಲ್ಲುಸಕ್ಕರೆ ಚಟಪಟ ಎನ್ನುವಷ್ಟರಲ್ಲಿ ಅವನು ಕೇಳಿದ, "ಅಲ್ಲಕ್ಕಾ, ಜೋಳದ ದಂಟಿಗೆ ಕಬ್ಬಿಣದ ಸರಳು ಕಟ್ಟಿದ್ರೆ ನಿನ್ ಯಂತ್ರದ ಹಲ್ಲು ಮುರಿಯುತ್ತಂತೆ, ಹೌದಾ?"

"ಹೋಗೋ ಪೆದ್ದ! ಒಳಗೆ ಆಯಸ್ಕಾಂತ ಇದೆ ಕಣೋ. ಕಬ್ಬಿಣ ಬಂದ ತಕ್ಷಣ ಗಕ್ಕಂತ ನಿಂತ್ಬಿಡುತ್ತೆ. ಸ್ಟೀಲಾದ್ರೆ ಅದಕ್ಕೆ ಗೊತ್ತಾಗಲ್ಲ. ನಿನ್ ಹಾಲು ಕರೆಯೋ ಮೆಷಿನ್ನಿನ ಕೊಳವೆ ಇದೆಯಲ್ಲ, ಅಂಥದ್ದು."

ತನ್ನ ಕಸುಬಿನ ಜಂಬ ಅವಳಿಗೆ. ನಾನೂ ನಕ್ಕೆ. ನಮ್ಮಿಬ್ಬರಿಗೂ ಏನೂ ಹೊಳೆಯಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ, ಅದೇ ಹಳೆಯ ಹುಲ್ಲುಗಾವಲಿನಲ್ಲಿ ಕಟಾವು. ಬೆಳಿಗ್ಗೆ ಹತ್ತು ಗಂಟೆಗೆ ಯಂತ್ರದ ಹೊಟ್ಟೆಯಲ್ಲಿ ಬಾಂಬು ಬಿದ್ದಂತೆ ಸದ್ದಾಯಿತು. ಸೊಂಡಿಲಿನಿಂದ ಜೋಳದ ಬದಲು ಚೂರಾದ ಬ್ಲೇಡು ಹಾರಿ ಬಂತು. ನನ್ನ ಕಿಟಕಿ ಒಡೆಯಿತು. ಎಡಗಣ್ಣಿನ ಜಾಗದಲ್ಲಿ ಬೆಂಕಿ ಇಟ್ಟಂತಾಯಿತು. ಬಾಯಿ ತುಂಬ ರಕ್ತ, ಗಾಜು. ಓಕ್ಕಾ ಓಡಿ ಬಂದು ತನ್ನ ಅಂಗಿ ಹರಿದು ಮುಖಕ್ಕೆ ಒತ್ತಿ ಹಿಡಿದು, "ಸಾಯ್ಬೇಡ್ವೋ ಮೈಂಟ್, ಸತ್ರೆ ಕೊಂದ್ಹಾಕ್ತೀನಿ ನಿನ್ನ" ಎಂದು ಅರಚುತ್ತಿದ್ದಳು. ಆಂಬುಲೆನ್ಸ್ ಬರುವವರೆಗೆ ಕೈ ತೆಗೆಯಲಿಲ್ಲ.

ಕಣ್ಣು ಹೋಯಿತು. ಎರಡು ದಿನ ಅವಳು ಆಸ್ಪತ್ರೆಯಲ್ಲೇ ಕೂತಿದ್ದಳು. ಎರಡನೆಯ ದಿನ ಬಂದ ಪೊಲೀಸ್ ಅಧಿಕಾರಿ, "ಯಂತ್ರವನ್ನೆಲ್ಲ ಬಿಚ್ಚಿ ನೋಡಿದ್ವಿ, ಬ್ಲೇಡಿನ ಚೂರು ಬಿಟ್ರೆ ಏನೂ ಸಿಗಲಿಲ್ಲ. ಹಳೇ ಬ್ಲೇಡು, ತಾನಾಗೇ ಒಡೆದಿರ್ಬೇಕು. ನಾಳೆ ಬಂದು ಹೇಳಿಕೆ ಬರ್ಕೊಂಡು ಕೇಸು ಮುಗಿಸ್ತೀನಿ" ಎಂದ. ಓಕ್ಕಾ ಎದ್ದು ಹೊರಗೆ ಹೋದಳು.

ಮೂರನೆಯ ದಿನ ಮಧ್ಯಾಹ್ನ ಅಧಿಕಾರಿ ನನ್ನ ಸಹಿಗೆ ಕಾಗದ ಚಾಚುತ್ತಿದ್ದಾಗ ಬಾಗಿಲು ಧಡಾರನೆ ತೆರೆಯಿತು. ಓಕ್ಕಾ ತಮ್ಮನ ಕೊರಳಪಟ್ಟಿ ಹಿಡಿದು ಎಳೆದು ತಂದಿದ್ದಳು. ಅವನ ಮೂಗು ಒಂದು ಕಡೆಗೆ ತಿರುಗಿತ್ತು, ಬಲಗೈ ಜೋತುಬಿದ್ದಿತ್ತು. ಸಲಿಕೆಯಲ್ಲಿ ಬಾರಿಸಿದ್ದಳಂತೆ. ಅವಳ ಬಟ್ಟೆಯೆಲ್ಲ ಒದ್ದೆ, ಕೆಸರು.

ಜೇಬಿನಿಂದ ಜಜ್ಜಿಹೋದ ಸ್ಟೀಲ್ ಕೊಳವೆಯೊಂದನ್ನು ತೆಗೆದು ನನ್ನ ಹೊದಿಕೆಯ ಮೇಲೆ ಇಟ್ಟಳು. ತುದಿಯಲ್ಲಿ ಅರದಿಂದ ಉಜ್ಜಿದ ಮೂರು ಗೀರು. ತೊಳೆದ ಮೇಲೆ ಯಾವ ಕೊಳವೆಯನ್ನು ಎಲ್ಲಿಗೆ ಜೋಡಿಸಬೇಕೆಂದು ತಿಳಿಯಲು ಅವರಪ್ಪ ಹಾಕಿದ್ದ ಗುರುತು ಅದು.

"ಇದು ನಮ್ಮ ಕೊಟ್ಟಿಗೇದು. ಕಟ್ಟಿದವನು ಇವನು. ಹೇಳಿಕೊಟ್ಟವಳು ನಾನು. ಎರಡನ್ನೂ ಬರ್ಕೊಳ್ಳಿ."

ತ್ಯಾರ್ಕ್ ಅಳತೊಡಗಿದ. "ಯಂತ್ರ ಕೆಡ್ಲಿ ಅಂತಷ್ಟೇ ಅಕ್ಕಾ... ಮೈಂಟ್‌ಗೆ ಹೀಗಾಗುತ್ತೆ ಅಂತ..."

"ಮುಚ್ಚೋ ಬಾಯಿ!" ಎಂದು ಅವನ ಕಪಾಳಕ್ಕೆ ಇನ್ನೊಂದು ಬಿಟ್ಟಳು. ಅಧಿಕಾರಿ ನಡುವೆ ಬರದಿದ್ದರೆ ಅಲ್ಲೇ ಕೊಲ್ಲುತ್ತಿದ್ದಳೋ ಏನೋ. ಒಂದೇ ಕಣ್ಣಿನಲ್ಲಿ ನಾನು ನೋಡುತ್ತಿದ್ದೆ. ಅವಳು ಇನ್ನೂ ನಾಲ್ಕು ಬಿಡಲಿ ಎಂದು ನನಗನ್ನಿಸಿದ್ದು ಸುಳ್ಳಲ್ಲ.

ಅವನನ್ನು ಕರೆದುಕೊಂಡು ಹೋದರು. ಓಕ್ಕಾ ಕುರ್ಚಿಯಲ್ಲಿ ಕುಸಿದಳು. ಆಗ ನೋಡಿದೆ, ಅವಳ ಉಗುರುಗಳೆಲ್ಲ ಕಿತ್ತುಹೋಗಿ ರಕ್ತ ಜಿನುಗುತ್ತಿತ್ತು.

"ಪೊಲೀಸರಿಗೇ ಸಿಗದೇ ಇದ್ದಿದ್ದು ನಿನಗೆ ಎಲ್ಲಿ ಸಿಕ್ತೇ?" ಎಂದು ಕೇಳಿದೆ.

"ಅವತ್ತೇ ಯಂತ್ರದ ಬಾಯಲ್ಲಿ ಸಿಕ್ಕಿತ್ತು ಮೈಂಟ್. ನಿನ್ನ ಆಂಬುಲೆನ್ಸಿಗೆ ಹತ್ತಿಸಿದ್ಮೇಲೆ ಹೊಲದ ಪಕ್ಕದ ಕಾಲುವೆಗೆ ಎಸೆದ್ಬಿಟ್ಟೆ." ಅವಳು ನನ್ನ ಮುಖ ನೋಡಲಿಲ್ಲ. "ಇವತ್ತು ಬೆಳಿಗ್ಗೆಯಿಂದ ಕತ್ತಿನ ಮಟ್ಟ ನೀರಲ್ಲಿ ಮುಳುಗಿ ಮುಳುಗಿ ಕೆಸರು ಕೆದಕಿ ಹುಡುಕ್ದೆ."