ನನ್ನ ತಮ್ಮನ ಬೆನ್ನು

ನನ್ನ ತಮ್ಮನ ಬೆನ್ನಿಗೆ ಏನೂ ಆಗಿರಲಿಲ್ಲ. ಈ ಒಂದು ಮಾತನ್ನು ನಾನು ಹದಿನಾರು ವರ್ಷದ ಹಿಂದೆ ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಬೇಕಾಗಿತ್ತು. ಹೇಳುವುದಕ್ಕೆಂದೇ ಕುಣಿಗಲ್‌ನಿಂದ ಬಸ್ಸು ಹತ್ತಿ ಹೋಗಿದ್ದೆ. ಹೇಳದೆ ವಾಪಸ್ಸು ಬಂದೆ.

ಹೋದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯಿಂದ ರಾಗಿ ಸರಿ ಬೇಯುವ ವಾಸನೆ ಬಂತು. ಬಾಣಂತನಕ್ಕೆ ಬಂದಿರುವ ಅವರ ಮಗಳ ಕೂಸಿಗೆ ಈಗ ಆರು ತಿಂಗಳು ತುಂಬಿದೆ. ಮೊಳಕೆ ಕಟ್ಟಿ ಹುರಿದ ರಾಗಿಯ ಹಿಟ್ಟು ಹಾಲಿನಲ್ಲಿ ಬೇಯುವಾಗ ಒಂದು ಸಿಹಿ ವಾಸನೆ ಬರುತ್ತದಲ್ಲ, ಅದು. ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದುಕೊಂಡು ಹಾಗೇ ನಿಂತೆ. ಮೂಟೆ ಹೊರುವ ಒಬ್ಬ ಗಂಡಸು, ಪಂಚೆ ಮೇಲೆತ್ತಿ ಕಟ್ಟಿಕೊಂಡು, ಸ್ಟೌವ್ ಮುಂದೆ ಕುಕ್ಕರಗಾಲಲ್ಲಿ ಕೂತು, ಗಂಟಾಗದ ಹಾಗೆ ಸರಿ ತಿರುಗಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು...

ನಾನು ಓದಿದ್ದು ಏಳನೇ ಕ್ಲಾಸು. ತಮ್ಮ ಅದಕ್ಕಿಂತ ಒಂದು ಕ್ಲಾಸು ಕಡಿಮೆ. ಅವ್ವ ಬೇಗ ಹೋದಳು. ತಮ್ಮನನ್ನು ನಾನೇ ಸಾಕಿದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ. ನನ್ನನ್ನು ಕುಣಿಗಲ್ಲಿಗೆ ಕೊಟ್ಟರು. ಅವನು ಗುಬ್ಬಿಯ ಮಂಡಿಯಲ್ಲಿ ಹಮಾಲಿ ಕೆಲಸಕ್ಕೆ ಸೇರಿದ. ಅವನಿಗೆ ಸಿಕ್ಕ ಹೆಂಡತಿ ಪಿಯುಸಿ ಪಾಸಾದವಳು. ಅವರ ಮಗಳಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅವಳಿಗೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸಕ್ಕೆ ಆರ್ಡರ್ ಬಂತು. ಏಪ್ರಿಲ್ ತಿಂಗಳಿಂದಲೇ ತುಮಕೂರಿನಲ್ಲಿ ಟ್ರೈನಿಂಗ್. ಮಗು ನೋಡಿಕೊಳ್ಳಬೇಕಾಗಿದ್ದ ಅವಳ ತಾಯಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಎರಡು ತಿಂಗಳು ಭಾರ ಎತ್ತಬಾರದು ಎಂದಿದ್ದರು.

ತಮ್ಮ ಮೊದಲು ನನ್ನನ್ನೇ ಕೇಳಿದ. ಮನೆಯಲ್ಲಿ ಒಪ್ಪುವುದಿಲ್ಲ ಎಂದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ನಾನು ಕೇಳಲೇ ಇಲ್ಲ. "ಸರಿ ಬುಡಕ್ಕ, ನಾನೇ ಕೂತ್ಕೊತೀನಿ. ಎರಡ್ ತಿಂಗ್ಳು ತಾನೆ," ಎಂದ. ಅಷ್ಟು ಹಗುರವಾಗಿ ಅಂದುಬಿಟ್ಟ.

ಹಗುರವಾಗಿರಲಿಲ್ಲ. ಮಗು ಏಳುವ ಮೊದಲೇ ಮಂಡಿಗೆ ಹೋಗಿ, ಅದು ಮಲಗಿದ ಮೇಲೆ ಮನೆಗೆ ಬರುತ್ತಿದ್ದ ಅಪ್ಪ ಅವನು. ಮಗುವಿಗೆ ಅವನ ಗುರುತೇ ಸರಿಯಾಗಿ ಇರಲಿಲ್ಲ. ಮೊದಲ ನಾಲ್ಕು ದಿನ ಅವನು ಹತ್ತಿರ ಹೋದರೆ ಕಿರುಚಿಕೊಂಡಿತಂತೆ. ಎತ್ತಿಕೊಂಡರೆ ಇನ್ನೂ ಜೋರು. ಹಮಾಲಿಯ ಅಂಗೈ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ವರ್ಷಗಟ್ಟಲೆ ಕೊಕ್ಕೆ ಹಿಡಿದು, ಗೋಣಿಚೀಲ ಎಳೆದು, ಜಡ್ಡುಗಟ್ಟಿ ಒರಟಾಗಿರುತ್ತದೆ. ಸ್ನಾನ ಮಾಡಿಸುವಾಗ ಮಗುವಿನ ತೊಡೆಯ ಮೇಲೆ ಅವನ ಕೈಯ ಗೀರು ಎದ್ದಿತು. ಅವತ್ತಿನಿಂದ ಅವನು ಹೆಂಚಿನ ಚೂರು ತಗೊಂಡು ಅಂಗೈ ಉಜ್ಜಿ ಉಜ್ಜಿ, ಹರಳೆಣ್ಣೆ ಹಚ್ಚಿ, ಆ ಜಡ್ಡನ್ನೆಲ್ಲ ತೆಗೆದ. ನನಗೆ ಫೋನಿನಲ್ಲಿ ಹೇಳಿ ನಗುತ್ತಿದ್ದ. "ನನ್ ಕೈ ಈಗ ಮೇಷ್ಟ್ರ ಕೈ ಆಗೋಗೈತೆ ಕಣಕ್ಕ."

ಅವರದು ಶೀಟಿನ ಮನೆ. ಹನ್ನೊಂದು ಗಂಟೆಗೆಲ್ಲ ಒಳಗೆ ಕೂರುವ ಹಾಗಿಲ್ಲ. ಮಂಡಿಯಿಂದ ಹಳೇ ಗೋಣಿಚೀಲ ತಂದು ಶೀಟಿನ ಮೇಲೆ ಹಾಸಿ, ಗಂಟೆಗೊಂದು ಸಲ ನೀರು ಎರಚುತ್ತಿದ್ದ. ಹಿತ್ತಲ ಹೊಂಗೆ ಮರದ ಕೆಳಗೆ ದೊಡ್ಡ ದಬರಿಯಲ್ಲಿ ನೀರು ತುಂಬಿಸಿ ಮಗುವನ್ನು ಕೂರಿಸಿದರೆ ಅದು ಎರಡೂ ಕೈಯಲ್ಲಿ ನೀರು ಬಡಿಯುತ್ತಾ ಅರ್ಧ ದಿನ ಕಳೆಯುತ್ತಿತ್ತು. ಬೆವರುಸಾಲೆ ಎದ್ದರೆ ತಾಟಿನುಂಗಿನ ನೀರು ಸವರುತ್ತಿದ್ದ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿಸಿ, ತೆಳು ಪಂಚೆಯಲ್ಲಿ ಸೋಸುವುದನ್ನು ಪಕ್ಕದ ಮನೆಯ ಅಜ್ಜಿಯಿಂದ ಕಲಿತ. ಮೊದಲ ಸಲ ಮಾಡಿದ ಸರಿಯನ್ನು ಮಗು ಅವನ ಮುಖಕ್ಕೇ ಉಗಿಯಿತು. ಆರನೆಯ ದಿನ ಬಟ್ಟಲು ಖಾಲಿಯಾಯಿತು. ಅವತ್ತು ಅವನು ಮಂಡಿಯ ಗೆಳೆಯರಿಗೆಲ್ಲ ಫೋನ್ ಮಾಡಿ ಹೇಳಿದನಂತೆ... ಲಾಟರಿ ಹೊಡೆದವರ ಹಾಗೆ.

ಮೇ ತಿಂಗಳಲ್ಲಿ ಅವನ ಹೆಂಡತಿಯನ್ನು ಓಡುವ ಬಸ್ಸಿನಲ್ಲೇ ಕೆಲಸ ಕಲಿಯಲು ಹಾಕಿದರು. ಮಧ್ಯಾಹ್ನದ ಮೇಲೆ ಅವಳ ಬಸ್ಸು ಗುಬ್ಬಿಯಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು. ಅವನು ಮಗುವಿನ ನೆತ್ತಿಗೆ ಒದ್ದೆ ಟವೆಲ್ ಹಾಕಿಕೊಂಡು ಹೋಗಿ ನಿಲ್ಲುತ್ತಿದ್ದ. ಅವಳು ಬಾಗಿಲಲ್ಲೇ ಬಗ್ಗಿ ಮಗುವಿನ ಕೆನ್ನೆ ಮುಟ್ಟಿ, "ರೈಟ್, ರೈಟ್" ಎಂದು ಹೊರಟುಬಿಡುತ್ತಿದ್ದಳು. ಮಗು ಮೊದಲು ಆಡಿದ ಮಾತು ಅಮ್ಮ ಅಲ್ಲ, ಅಪ್ಪ ಅಲ್ಲ, "ಐಟ್". ಜೋಲಿ ತೂಗಬೇಕಾದರೂ ಐಟ್, ಇನ್ನೊಂದು ತುತ್ತು ಬೇಕಾದರೂ ಐಟ್.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ನಾನು ಬಾಯಿ ಬಿಟ್ಟೆ. ಒಂದು ದಿನ ನಮ್ಮ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೇಳಿದರು. "ನಿನ್ ತಮ್ಮ ಹೆಂಡ್ರನ್ನ ದುಡಿಯಕ್ಕೆ ಕಳ್ಸಿ ಮನೇಲ್ ಕೂತವ್ನಂತೆ? ಮಗೀನ್ ಕುಂಡಿ ತೊಳ್ಕೊಂಡು?"

ಊಟಕ್ಕೆ ಕೂತಿದ್ದ ನನ್ನ ಮೈದುನ, "ಸೀರೆ ಗೀರೆ ಉಟ್ಕೊಂಡವ್ನಾ ಹೆಂಗೆ ಅತ್ತಿಗೆ?" ಎಂದು ನಕ್ಕ.

"ಮಗು ನೋಡ್ಕೊತಾವ್ನೆ, ಏನೀಗ?" ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಹಂಗಲ್ಲ ಅತ್ತೆ. ಮೂಟೆ ಬಿದ್ದು ಬೆನ್ನು ಹಿಡ್ಕೊಂಡೈತೆ. ಡಾಕ್ಟ್ರು ರೆಸ್ಟ್ ಅಂದವ್ರೆ."

ಇಬ್ಬರೂ ತೆಪ್ಪಗಾದರು. ಮರ್ಯಾದೆ ಉಳಿಯಿತು ಎಂದುಕೊಂಡೆ. ಹಮಾಲಿಗೆ ಬೆನ್ನು ಹೋಯಿತು ಎನ್ನುವುದು ಡ್ರೈವರ್‌ಗೆ ಕಣ್ಣು ಹೋಯಿತು ಎಂದ ಹಾಗೆ ಎಂದು ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ಅತ್ತೆ ಬ್ರೆಡ್ಡು, ಮೂಸಂಬಿ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ತಮ್ಮನನ್ನು ನೋಡಲು ಹೊರಟರು. ಮೈದುನನದೇ ಟೆಂಪೋ. ನಾನು ಕದ್ದು ಫೋನ್ ಮಾಡಿದೆ. ಮಗು ಮಲಗಿದ್ದಾಗ ತಮ್ಮ ಫೋನ್ ಆಫ್ ಮಾಡಿಡುತ್ತಿದ್ದ. ನಾವು ಇಳಿಯುವುದಕ್ಕೂ ಅವನು ಬೀದಿ ನಲ್ಲಿಯಿಂದ ಬರುವುದಕ್ಕೂ ಸರಿಹೋಯಿತು. ಕತ್ತಿನ ಮೇಲೆ ಮಗು, ಎರಡು ಕೈಯಲ್ಲೂ ತುಂಬಿದ ಬಿಂದಿಗೆ, ದಾಪುಗಾಲು.

"ಏನಪ್ಪಾ, ಬೆನ್ನು ಹಿಡ್ಕೊಂಡೈತೆ ಅಂದ್ಲಲ್ಲ ನಿಮ್ಮಕ್ಕ?" ಅತ್ತೆ ಕೇಳಿದರು.

ತಮ್ಮ ಅವರ ಕೈಲಿದ್ದ ಮೂಸಂಬಿ ನೋಡಿದ. ಅತ್ತೆಯ ಹಿಂದೆ ನಿಂತಿದ್ದ ನನ್ನ ಮುಖ ನೋಡಿದ. ನನಗೇ ಗೊತ್ತಿಲ್ಲದೆ ನಾನು ಕೈ ಮುಗಿದಿದ್ದೆ. ಅವನು ಬಿಂದಿಗೆಗಳನ್ನು ನಿಧಾನವಾಗಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, "ಅದೇ ಅಮ್ಮ... ಬಗ್ಗಿದ್ರೆ ಮಾತ್ರ," ಎಂದ.

ಅತ್ತೆ ಬಿಡುವವರಲ್ಲ. ಚಾಪೆ ಹಾಸಿಸಿ, ಅವನನ್ನು ಬೋರಲು ಮಲಗಿಸಿ, ಎಣ್ಣೆ ಬಿಸಿಗಿಟ್ಟರು. ಆ ಮಗು ಅಲ್ಲಿಯವರೆಗೆ ಗೋಡೆ ಹಿಡಿದುಕೊಂಡು ನಿಲ್ಲುತ್ತಿತ್ತು ಅಷ್ಟೆ, ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅಪ್ಪ ಮಲಗಿದ್ದು ಕಂಡು ತೆವಳಿಕೊಂಡು ಬಂತು. ಬೆನ್ನು ಹತ್ತಿತು. ಸೊಂಟದ ಮೇಲೆ ಎರಡೂ ಕಾಲೂರಿ ಎದ್ದು ನಿಂತಿತು. ಹಿಡಿಯಲು ಗೋಡೆಯಿಲ್ಲ, ಕೈಯಿಲ್ಲ. ಅತ್ತೆ ಎಣ್ಣೆ ಬಟ್ಟಲು ಹಿಡಿದುಕೊಂಡು ಹಾಗೇ ಕೂತರು. "ಐಟ್" ಎಂದು ಒಂದು ಹೆಜ್ಜೆ. ತೂರಾಡಿತು. ಇನ್ನೊಂದು. ಮೂರನೆಯದಕ್ಕೆ ಹೆಗಲು ತಲುಪಿ ಅವನ ಜುಟ್ಟು ಹಿಡಿದುಕೊಂಡಿತು.

ತಮ್ಮ ಚಾಪೆಯಲ್ಲಿ ಮುಖವಿಟ್ಟುಕೊಂಡೇ ಕೇಳಿದ. "ಅಕ್ಕ, ಯಾರಾದ್ರೂ ಹಿಡ್ಕೊಂಡಿದೀರಾ?"

"ಯಾರೂ ಇಲ್ಲ ಕಣೋ. ಅವ್ಳೇ ನಡೀತಾವ್ಳೆ."

ಅವನು ನಗಲು ಶುರುಮಾಡಿದ. ನಗುವಿಗೆ ಬೆನ್ನು ಕುಲುಕಿ ಮಗು ದೊಪ್ಪನೆ ಕೂತಿತು. ಬೇರೆ ಅಪ್ಪಂದಿರು ಮಕ್ಕಳ ಮೊದಲ ಹೆಜ್ಜೆ ನೋಡುತ್ತಾರೆ. ನನ್ನ ತಮ್ಮ ನೋಡಲಿಲ್ಲ, ಬೆನ್ನಿನಲ್ಲಿ ಎಣಿಸಿದ. ಎದ್ದಾಗ ಅವನ ಕಣ್ಣು ಕೆಂಪಾಗಿತ್ತು. "ನೋಡ್ದಾ, ಮಗು ತುಳಿದ್ರೆ ಎಂಥಾ ನೋವೂ ಹೋಯ್ತದೆ," ಎಂದು ಅತ್ತೆ ತೀರ್ಪು ಕೊಟ್ಟರು.

ಜೂನಿನಲ್ಲಿ ಹೆಂಡತಿಯ ತಾಯಿ ಬಂದರು. ತಮ್ಮ ಮತ್ತೆ ಕೆಲಸಕ್ಕೆ ಹೋದ. ಅಷ್ಟರಲ್ಲಿ ಕಾಯಿ ಲೋಡು ತರುತ್ತಿದ್ದ ನನ್ನ ಮೈದುನ ಮಂಡಿಗೆಲ್ಲ ಅವನ ಬೆನ್ನಿನ ಸುದ್ದಿ ಮುಟ್ಟಿಸಿದ್ದ. ಹಮಾಲಿಗಳ ಮೇಸ್ತ್ರಿ ಸೇರಿಸಿಕೊಳ್ಳಲಿಲ್ಲ. ಮೂಟೆ ಸಮೇತ ಲಾರಿಗೆ ಒರಗಿಸಿದ ಹಲಗೆ ಮೇಲಿಂದ ಬಿದ್ದರೆ ಯಾರು ಜವಾಬ್ದಾರಿ ಎಂದರು. ತಮ್ಮ ಹದಿನೈದು ದಿನ ಬೆಳಿಗ್ಗೆ ಹೋಗುವುದು, ನಿಲ್ಲುವುದು, ವಾಪಸ್ಸು ಬರುವುದು. ಕೊನೆಗೆ ನನಗೆ ಫೋನ್ ಮಾಡಿದ. "ನಾನ್ ಹೇಳಿದ್ರೆ ಕೆಲ್ಸಕ್ಕೋಸ್ಕರ ಹೇಳ್ತಾವ್ನೆ ಅಂತಾರೆ. ನೀನು ಬಂದು ಒಂದ್ ಮಾತು ಹೇಳಕ್ಕ. ಹೇಳಿದ್ದು ನೀನೇ ತಾನೆ?" ಕೋಪವಿರಲಿಲ್ಲ ಅವನ ದನಿಯಲ್ಲಿ.

ಹೋದೆ. ಅವನು ಮಗುವನ್ನೂ ಎತ್ತಿಕೊಂಡು ಬಂದಿದ್ದ. ಮಂಡಿಯ ಒಳಗೆ ಕಾಲಿಟ್ಟರೆ ಎದುರಿಗೇ ಮೈದುನನ ಟೆಂಪೋ, ಕಾಯಿ ಮೂಟೆ ತುಂಬಿಕೊಂಡು. ಅವನು ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದ. ಮೇಸ್ತ್ರಿ ನನ್ನನ್ನು ಕೇಳಿದರು. "ಏನ್ರವ್ವ, ನೀವಾದ್ರೂ ಹೇಳಿ. ನಿಮ್ ತಮ್ಮನ ಬೆನ್ನು ಹೆಂಗೈತೆ?"

ನಿಜ ಹೇಳಿದರೆ ಸಂಜೆಗೆ ನನ್ನ ಸುಳ್ಳು ಮನೆ ತಲುಪುತ್ತದೆ. ಅತ್ತೆಯ ಮುಖ ಕಣ್ಮುಂದೆ ಬಂತು. "ನಂಗೇನ್ ಗೊತ್ತಪ್ಪ, ಡಾಕ್ಟ್ರು ಹೇಳ್ಬೇಕು," ಎಂದೆ.

ತಮ್ಮ ನನ್ನನ್ನು ಒಂದೇ ಒಂದು ಸಲ ನೋಡಿದ. ಮಗುವನ್ನು ನನ್ನ ಕೈಗೆ ಕೊಟ್ಟ. ಶರ್ಟು ಬಿಚ್ಚಿ, ಟವೆಲ್ ಸುತ್ತಿ ಹೆಗಲಿಗಿಟ್ಟು, ಸೀದಾ ಮೈದುನನ ಟೆಂಪೋ ಹತ್ತಿರ ಹೋಗಿ ಮೂಟೆಗೆ ಕೊಕ್ಕೆ ಹಾಕಿದ. ಮೊದಲ ಮೂಟೆಗೆ ಹಮಾಲಿಗಳು ನಕ್ಕರು. ನಾಲ್ಕನೆಯದಕ್ಕೆ ಸುಮ್ಮನಾದರು. ಹತ್ತನೆಯದಕ್ಕೆ ಒಬ್ಬ ಜೋರಾಗಿ ಎಣಿಸತೊಡಗಿದ, ಉಳಿದವರು ಸೇರಿಕೊಂಡರು. ಮೂಟೆ ಇಳಿಸಿ ಅವನು ತಿರುಗಿದಾಗಲೆಲ್ಲ ನನ್ನ ಸೊಂಟದ ಮೇಲಿದ್ದ ಮಗು "ಐಟ್" ಎನ್ನುತ್ತಿತ್ತು, ಅವನು ಮತ್ತೆ ಹೋಗುತ್ತಿದ್ದ. ಒಂದು ಟೆಂಪೋ ಲೋಡನ್ನು ಒಬ್ಬನೇ ಇಳಿಸಿದ. ಬೆನ್ನು ಒಂದು ಸಲವೂ ಬಾಗಲಿಲ್ಲ. ಆದರೆ ಕೈ ಮೆತ್ತಗಾಗಿತ್ತಲ್ಲ... ಚೀಲದ ಮೇಲೆ ಅವನ ಅಂಗೈಯ ರಕ್ತ ಅಂಟಿದ್ದು ನಾನೊಬ್ಬಳೇ ನೋಡಿದೆನೇನೋ.

ಕೊನೆಯ ಮೂಟೆ ಇಳಿದಾಗ ಮಂಡಿಯೆಲ್ಲ ಶಿಳ್ಳೆ. "ಅದೇನ್ ಔಷ್ದಿ ಮಾಡಿದ್ಯೋ?" ಎಂದು ಮೇಸ್ತ್ರಿ ಕೇಳಿದರು. ಈಗಲಾದರೂ ನಿಜ ಹೇಳುತ್ತಾನೆ ಎಂದುಕೊಂಡೆ. ಅವನು ನನ್ನ ಮೈದುನನನ್ನು ನೋಡಿದ, ನನ್ನನ್ನು ನೋಡಿದ. "ನನ್ ಮಗ್ಳು ತುಳಿದು ವಾಸಿ ಮಾಡಿದ್ಲು ಕಣಣ್ಣ," ಎಂದ.

ಆಮೇಲೆ ಎಷ್ಟೋ ದಿನ ಗುಬ್ಬಿಯ ಹಮಾಲಿಗಳು ಖಾಲಿ ಚೀಲದ ಮೇಲೆ ಸಾಲಾಗಿ ಬೋರಲು ಮಲಗುತ್ತಿದ್ದರು. ಅವನು ಮಗಳ ಬೆರಳು ಹಿಡಿದು ಒಂದು ಬೆನ್ನಿನಿಂದ ಇನ್ನೊಂದು ಬೆನ್ನಿಗೆ ನಡೆಸುತ್ತಿದ್ದ. ಆ ಮಗು ನೆಲದ ಮೇಲೆ ನಡೆದದ್ದಕ್ಕಿಂತ ಮನುಷ್ಯರ ಮೇಲೆ ನಡೆದದ್ದೇ ಹೆಚ್ಚು. ಮೂಟೆ ಇಳಿಸಿದ ದಿನ ತಮ್ಮ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದ. ಅವನೇ ಹೇಳಿದ. "ನೀನು ಆ ಮನೇಲಿ ಬಾಳ್ಬೇಕು. ತಲೆ ಎತ್ಕೊಂಡಿರಕ್ಕ, ಬುಡು."

ಅವನು ಹೋಗಿ ಮೂರು ವರ್ಷವಾಯಿತು. ಜ್ವರವೆಂದು ಮಲಗಿದವನು ಏಳಲಿಲ್ಲ. ವರ್ಷದ ಕಾರ್ಯಕ್ಕೆ ಈ ಸಲ ಹೋದಾಗ ಅವನ ಹೆಂಡತಿ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು. "ಆ ಬೇಸಿಗೇಲಿ ಬೆನ್ನು ನೋವಿಟ್ಕೊಂಡೇ ಮಗು ಹೊತ್ತವ್ರೆ ಅತ್ತಿಗೆ. ಊರವ್ರು ಹೇಳಿದ್ಮೇಲೆ ಕೇಳ್ದೆ. ಸ್ವಲ್ಪ ಇತ್ತು, ಹೋಯ್ತು ಬುಡು ಅಂದ್ರು. ನಾನು ನನ್ ಕೆಲ್ಸ ನೋಡ್ಕೊಂಡೆ. ಒಂದಿನಾನೂ ಅವರ ಬೆನ್ನು ನೋಡ್ಲಿಲ್ಲ." ನನ್ನನ್ನು ಕಾಯಲು ಅವನು ಹೆಂಡತಿಗೂ ಹೇಳಿರಲಿಲ್ಲ. ಇಲ್ಲದ ನೋವಿಗೆ ಅವಳು ಹದಿನಾರು ವರ್ಷ ಕೊರಗಿದ್ದಳು. ಆಗಲೂ ನಾನು ತುಟಿ ಬಿಚ್ಚಲಿಲ್ಲ.

ಭಾನುವಾರ ಪೊರಕೆ ಅಲ್ಲೇ ಒರಗಿಸಿ ಸೀರೆ ಬದಲಾಯಿಸಿದೆ. ಎಲ್ಲಿಗೆ ಎಂದು ಅತ್ತೆ ಕೇಳಿದರು. ಮೊದಲು ಅವರಿಗೇ ಹೇಳಿದೆ. ಅವರಿಗೀಗ ಕಿವಿ ಮಂದ. ಎರಡು ಸಲ ಹೇಳಬೇಕಾಯಿತು, ಎರಡು ಸಲವೂ ಹೇಳಿದೆ. "ಮಗು ನೋಡ್ಕೊಂಡಿದ್ದ ಅನ್ನಕ್ಕೇನಾಗಿತ್ತೇ ನಿಂಗೆ ದಾಡಿ?" ಎಂದರು. ಅಷ್ಟೇ. ಅದಕ್ಕಾಗಿ ನಾನು ಹದಿನಾರು ವರ್ಷ ಹೆದರಿದ್ದೆ.

ಗುಬ್ಬಿಯಲ್ಲಿ ತಾಯಿ ಮಗಳು ಇಬ್ಬರೂ ಮನೆಯಲ್ಲಿದ್ದರು. ಮಗಳು ಈಗ ತುಮಕೂರಿನ ಕಾಲೇಜಿಗೆ ಹೋಗುತ್ತಾಳೆ, ಅಪ್ಪನದೇ ದಾಪುಗಾಲು. ಹೊಸಿಲು ದಾಟಿದ ತಕ್ಷಣ ಶುರುಮಾಡಿದೆ, ಕೂತರೆ ಬಾಯಿ ಕಟ್ಟುತ್ತದೆ ಎಂದು. ಹುಣಸೆಹಣ್ಣಿನ ದಿನದಿಂದ ಮಂಡಿಯ ದಿನದವರೆಗೆ ಎಲ್ಲವನ್ನೂ ಹೇಳಿದೆ.

"ಹಂಗಾದ್ರೆ ನಾನು ಡಾಕ್ಟ್ರಲ್ವಾ ಅತ್ತೆ?" ಮಗಳು ನಗಲು ನೋಡಿದಳು, ಆಗಲಿಲ್ಲ.

ಅವಳ ತಾಯಿ ಒಂದೇ ಮಾತು ಕೇಳಿದಳು. "ನಿಜವಾಗ್ಲೂ ನೋವಿರ್ಲಿಲ್ವಾ?"

"ಇರ್ಲಿಲ್ಲ."

"ಒಂದ್ ಚೂರೂ?"

"ಒಂದ್ ಚೂರೂ ಇರ್ಲಿಲ್ಲ ಕಣವ್ವ. ಖುಷೀಲೇ ಇದ್ದ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದದ್ದು ಅಳುವಿಗೋ ನಗುವಿಗೋ ತಿಳಿಯಲಿಲ್ಲ. ಮುಖ ತೆಗೆದಾಗ ನಗುತ್ತಿದ್ದಳು, ಕೆನ್ನೆಯೆಲ್ಲ ಒದ್ದೆ. ಈ ಮಾತನ್ನು ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವನು ಇಲ್ಲ. ಅವನ ಮನೆಯ ನಡುವೆ ನಿಂತು, ಬೀದಿಗೆ ಕೇಳಿದರೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ನನ್ ಮಾನಕ್ಕೋಸ್ಕರ ಅವ್ನ ಬಾಯಿ ಮುಚ್ಚಿಸಿದ್ದೆ. ನಿಮ್ಮಿಬ್ಬರಿಗೂ ಮೋಸ ಮಾಡ್ದೆ. ತಪ್ಪಾಯ್ತು."