ವಿಮಾನ ಕಂಪನಿಗೆ ಶಿಗ್ಗಾಂವಿಯ ಶಿಕ್ಕಾ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲ ವ್ಯಕ್ತಿ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕೇಳದವರಿಗೂ ಹೇಳುತ್ತೇನೆ. ಆದರೆ ಆ ಪದವಿ ಒಂದು ರಬ್ಬರ್ ಶಿಕ್ಕಾದ ದೆಸೆಯಿಂದ ಕೈತಪ್ಪಿ ಹೋಗುವುದರಲ್ಲಿತ್ತು ಎಂಬುದನ್ನು ಮಾತ್ರ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ದುಂಡಸಿಯಿಂದ ಎರಡು ಬಸ್ಸು ಹಿಡಿದು ಹಾನಗಲ್ಲಿನ ಕಾಲೇಜಿಗೆ ಹೋಗುತ್ತಿದ್ದೆ. ಪ್ರವಾಸೋದ್ಯಮ ನನ್ನ ವಿಷಯ. ಕೊನೆಯ ಸೆಮಿಸ್ಟರಿನಲ್ಲಿ ಎಲ್ಲರೂ ಒಂದೊಂದು ಪ್ರಬಂಧ ಬರೆಯಬೇಕಿತ್ತು. ಯಾರಿಗೂ ಪಕ್ಷಪಾತವಾಗಬಾರದೆಂದು ನಮ್ಮ ಸರ್ ವಿಷಯಗಳನ್ನು ಚೀಟಿಯಲ್ಲಿ ಬರೆದು ಊಟದ ಡಬ್ಬಿಯಲ್ಲಿ ಹಾಕಿ ಕುಲುಕಿದರು. ನನ್ನ ಪಕ್ಕದವಳಿಗೆ ತಾರಕೇಶ್ವರ ಗುಡಿ ಬಂತು. ಹಿಂದೆ ಕೂತವನಿಗೆ ಬಂಕಾಪುರದ ನವಿಲುಗಳು ಬಂದವು. ನನ್ನ ಚೀಟಿಗೆ ಉಪ್ಪಿನಕಾಯಿಯ ಎಣ್ಣೆ ಹತ್ತಿತ್ತು. ಬಿಚ್ಚಿ ನೋಡಿದರೆ ‘ಬ್ರಿಟನ್ನಿನ ಚಾರ್ಟರ್ ವಿಮಾನ ಕಂಪನಿಗಳು: ಇತಿಹಾಸ ಮತ್ತು ಕಾರ್ಯಾಚರಣೆ’.

“ಸರ್, ನಾ ವಿಮಾನಾನ ನೋಡಿಲ್ರಿ,” ಅಂದೆ.

“ಗುಡಿ ಚೀಟಿ ತಗದಾಕಿ ಏನು ಅದನ್ನ ಕಟ್ಟೂದು ನೋಡ್ಯಾಳೇನು?” ಅಂದರು ಸರ್. “ಚೀಟಿ ತಗದಿ ಅಂದ್ರ ಮುಗೀತು. ಬದಲ ಮಾಡಿಕೊಡಾಕ ಇದೇನು ಸೀರಿ ಅಂಗಡಿ ಅಲ್ಲ.”

ಗ್ರಂಥಾಲಯದಲ್ಲಿ ಆ ಬಗ್ಗೆ ಒಂದೇ ಒಂದು ಪುಸ್ತಕವಿತ್ತು, ಅದೂ ಇಂಗ್ಲಿಷಿನದು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ಕೂತೆ. ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ವಿಮಾನಗಳನ್ನು ಕೆಲವರು ಅಗ್ಗಕ್ಕೆ ಕೊಂಡರಂತೆ. ಅಲ್ಲಿನ ಕಾರ್ಖಾನೆ ಊರುಗಳಲ್ಲಿ ವರ್ಷಕ್ಕೊಮ್ಮೆ ಊರಿಗೆ ಊರೇ ರಜೆ. ಆ ಜನರನ್ನು ಬಿಸಿಲು ಇರುವ ಕಡಲ ದಂಡೆಗೆ ಕರೆದೊಯ್ಯಲು ಪ್ರವಾಸದ ಕಂಪನಿಯವರು ಇಡೀ ವಿಮಾನವನ್ನೇ ಗುತ್ತಿಗೆ ಹಿಡಿಯುತ್ತಿದ್ದರು. ವಿಮಾನ, ಹೋಟೆಲು, ನಡುವಿನ ಬಸ್ಸು ಎಲ್ಲಕ್ಕೂ ಸೇರಿ ಒಂದೇ ದರ. ಇಷ್ಟು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

ಅಪ್ಪ ಶಿಗ್ಗಾಂವಿಯ ಸ್ಟ್ಯಾಂಡಿನಲ್ಲಿ ಕ್ರೂಸರ್ ಗಾಡಿ ಓಡಿಸುತ್ತಿದ್ದ. ಲಗ್ನ, ಸೀಮಂತ, ದೇವರ ದರ್ಶನ ಎಂದು ಇಡೀ ಗಾಡಿ ಗೊತ್ತು ಮಾಡುವವರೇ ಅವನ ಗಿರಾಕಿಗಳು. ಒಂದು ಸಂಜೆ ನಾನು ನಿಘಂಟಿನ ಜೊತೆ ಜಗಳಾಡುವುದನ್ನು ನೋಡಿ ಕೇಳಿದ.

“ಏನೈತಿ ಯವ್ವಾ ಅದರಾಗ?”

“ಒಂದು ಪಾರ್ಟಿ ಇಳಿಸಿದ ಜಾಗಾದಾಗ ಇನ್ನೊಂದು ಪಾರ್ಟಿ ಹತ್ತಿಸಿಕೊಂಡು ವಾಪಸ್ ಬರ್ತಾರಂತ. ಖಾಲಿ ಬರಾಂಗಿಲ್ಲಂತ.”

“ಮತ್ತ? ಖಾಲಿ ಬಂದ್ರ ಡೀಸೆಲ್ ಅವರ ಮಾವ ಹಾಕಿಸ್ತಾನೇನು?”

“ಒಂದು ಕಡೆ ತಡಾ ಆದ್ರ ದಿನಾ ಪೂರ್ತಿ ಕೆಡತೈತಂತ.”

“ಹಾನಗಲ್ದಾಗ ಬೀಗರು ಉಣ್ಣೂದು ತಡಾ ಮಾಡ್ತಾರ. ಹಿರೇಕೆರೂರಾಗ ಮದಲಿಂಗನ ಕಡ್ಯಾವ್ರು ಫೋನ್ ಹಚ್ಚಿ ಬೈತಾರ. ಸವಣೂರಿನ ಪಾರ್ಟಿ ಬ್ಯಾರೆ ಗಾಡಿ ಹತ್ತಿ ಹೋಗಿಬಿಡತೈತಿ. ಇದನ್ನ ಇಂಗ್ಲಿಷ್‌ನ್ಯಾಗ ಬರದಾರೇನು?”

“ಹೂಂ. ಇಪ್ಪತ್ತು ಪುಟ,” ಅಂದು ಮುಂದಿನ ಹಾಳೆ ತಿರುವಿದೆ.

“ಚಳಿಗಾಲದಾಗ ಜನ ಎಲ್ಲೂ ಹೋಗಾಂಗಿಲ್ಲ, ವಿಮಾನಾ ಸುಮ್ಮನ ನಿಂದರತಾವು. ಅದಕ್ಕ ಬ್ಯಾರೆ ದೇಶದವರಿಗೆ ಬಾಡಿಗಿ ಕೊಡ್ತಾರಂತ ಅಪ್ಪಾ.”

ಅಪ್ಪ ನಕ್ಕ. “ಅಂದ್ರ ಅದು ಅವರ ಆಷಾಢ. ಲಗ್ನ ಇರಾಂಗಿಲ್ಲ. ನಾವು ಗಾಡಿನ ಕಳೆ ತಗಿಯೂ ಆಳುಗಳಿಗೆ ಬಿಡಾಂಗಿಲ್ಲೇನು, ಹಂಗ.”

ನಾನು ನಿಘಂಟು ಮುಚ್ಚಿದೆ. ಮರುದಿನದಿಂದ ಎರಡು ವಾರ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನೋಟ್‌ಬುಕ್ ಹಿಡಿದು ಕೂತೆ. ಮೊದಲ ದಿನ ಚಾಲಕರು ನನ್ನನ್ನು ಆರ್‌ಟಿಓ ಕಡೆಯವಳೆಂದು ತಿಳಿದು ಖಾಕಿ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡರು. ನಾನು ಯಾರ ಮಗಳೆಂದು ತಿಳಿದ ಮೇಲೆ ಮತ್ತೆ ಬಿಚ್ಚಿಕೊಂಡರು. ಗಾಡಿಗಳು ಎಲ್ಲಿಂದ ತುಂಬಿ ಬಂದವು, ಎಲ್ಲಿ ಖಾಲಿಯಾದವು, ಯಾಕೆ ತಡವಾದವು ಎಂದೆಲ್ಲ ಬರೆದುಕೊಂಡೆ. ಪ್ರಬಂಧದಲ್ಲಿ ಪುಸ್ತಕದ ಪ್ರತಿಯೊಂದು ಮಾತಿನ ಪಕ್ಕದಲ್ಲೂ ಸ್ಟ್ಯಾಂಡಿನ ಒಂದೊಂದು ಉದಾಹರಣೆ ಸೇರಿತು.

ಎಲ್ಲ ಮುಗಿಯಿತು ಎನ್ನುವಾಗ ಸರ್ ಹೇಳಿದರು, “ಅಧ್ಯಯನ ಮಾಡಿದ ಸಂಸ್ಥೆಯಿಂದ ಒಂದು ಪ್ರಮಾಣಪತ್ರ ಬೇಕು. ಶಿಕ್ಕಾ ಇರಬೇಕು. ಇಲ್ಲಂದ್ರ ಪ್ರಬಂಧ ತಗೊಳ್ಳಾಂಗಿಲ್ಲ.”

ಬ್ರಿಟನ್ನಿನಿಂದ ಶಿಕ್ಕಾ ಎಲ್ಲಿಂದ ತರಲಿ? ವಿಳಾಸ ಹುಡುಕಿ ನೋಡಿದರೆ, ಪುಸ್ತಕದಲ್ಲಿದ್ದ ಕಂಪನಿಗಳಲ್ಲಿ ಹೆಚ್ಚಿನವು ಮುಚ್ಚಿಯೇ ಹೋಗಿದ್ದವು. ಪ್ರಬಂಧ ಕೊಡದಿದ್ದರೆ ಪದವಿ ಇಲ್ಲ, ಮುಂದಿನ ವರ್ಷ ಮತ್ತೆ ಕೂರಬೇಕು. ಆಗಲೇ ಅವ್ವ ದುಂಡಸಿಯ ಅರ್ಧ ಓಣಿಗೆ ನನ್ನ ಪದವಿಯ ಸುದ್ದಿ ಹಂಚಿ ಮುಗಿಸಿದ್ದಳು. ಉಳಿದರ್ಧ ಓಣಿಗೆ ಅದು ಬೇರೆ ರೂಪದಲ್ಲಿ ಮುಟ್ಟಿ, ನಾನು ವಿಮಾನ ಓಡಿಸುವುದನ್ನು ಕಲಿಯುತ್ತಿದ್ದೇನೆ ಎಂದಾಗಿತ್ತು.

“ಶಿಕ್ಕಾ ತಾನ?” ಅಂದ ಅಪ್ಪ. ಮರುದಿನ ಸಂಜೆ ಕಾಗದದೊಂದಿಗೆ ಬಂದ. ಕ್ರೂಸರ್ ಚಾಲಕರ ಸಂಘದ ಅಧ್ಯಕ್ಷರು ತಮ್ಮ ಕೈಯಿಂದಲೇ ಬರೆದಿದ್ದರು: ‘ಈ ಹೆಣ್ಣುಮಗಳು ನಮ್ಮ ಸ್ಟ್ಯಾಂಡಿನಲ್ಲಿ ಎರಡು ವಾರ ಕುಳಿತು ಗಾಡಿ ಗುತ್ತಿಗೆ ಓಡಿಸುವ ಪದ್ಧತಿಯನ್ನು ಸರಿಯಾಗಿ ತಿಳಿದುಕೊಂಡಿರುತ್ತಾಳೆ. ನಡತೆ ಉತ್ತಮ. ಈಕೆಯ ತಂದೆಯ ನಡತೆಯೂ ಅಡ್ಡಿಯಿಲ್ಲ.’ ಕೆಳಗೆ ನೇರಳೆ ಶಾಯಿಯ ದುಂಡನೆಯ ಶಿಕ್ಕಾ. ಒಂದು ಸಲ ಒತ್ತಿದ್ದು ಮಸುಕಾಗಿತ್ತೆಂದು ಇನ್ನೂ ಎರಡು ಸಲ ಒತ್ತಿದ್ದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ರಬಂಧದ ಕೊನೆಗೆ ಹಚ್ಚಿ ಬೈಂಡ್ ಮಾಡಿಸಿ ಕೊಟ್ಟೆ. ಸರ್ ಶಿಕ್ಕಾ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರು. ಯಾರ ಶಿಕ್ಕಾ ಎಂದು ನೋಡಲಿಲ್ಲ.

ನೋಡಿದವರು ಮೌಖಿಕ ಪರೀಕ್ಷೆಗೆಂದು ಧಾರವಾಡದಿಂದ ಬಂದಿದ್ದ ಮೇಡಂ. ಪ್ರಬಂಧವನ್ನು ಹಿಂದಿನಿಂದ ತೆರೆಯುವ ರೂಢಿ ಅವರಿಗೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಸರ್ ಕೂಡ ಬಗ್ಗಿ ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

“ಏನವಾ ಇದು? ಬ್ರಿಟನ್ನಿನ ವಿಮಾನಕ್ಕ ಶಿಗ್ಗಾಂವಿ ಕ್ರೂಸರ್ ಸಂಘದ ಶಿಕ್ಕಾ?”

“ವಿಮಾನದ ಕಂಪನಿ ಮುಚ್ಯಾವ್ರಿ ಮೇಡಂ. ಸಂಘ ಇನ್ನೂ ನಡದೈತ್ರಿ.”

ಮೇಡಂ ನಗಲಿಲ್ಲ. “ಚಾಷ್ಟಿ ಮಾಡಾಕ ಬಂದಿಯೇನು? ಇದನ್ನ ಈಗ ತಿರಸ್ಕಾರ ಮಾಡಬಹುದು ನಾನು, ಗೊತ್ತೈತಿಲ್ಲೋ?”

ನಾನು ಹೇಳಿದೆ, “ಚಾಷ್ಟಿ ಅಲ್ರಿ. ಪುಸ್ತಕದಾಗ ಇದ್ದದ್ದನ್ನ ನಾ ಕಣ್ಣಾರೆ ಕಂಡದ್ದು ಅಲ್ಲೇ ರೀ. ಬೇಕಾದ್ದು ಕೇಳ್ರಿ, ಹೇಳ್ತೇನಿ.”

“ಆತು. ಒಂದ ಪ್ರಶ್ನೆ,” ಅಂದರು. ಪ್ರಬಂಧ ಮುಚ್ಚಿಟ್ಟರು. “ಅಷ್ಟು ಚಲೋ ನಡದಿದ್ದ ಕಂಪನಿಗಳು ಯಾಕ ಮುಚ್ಚಿದುವು?”

ಗ್ರಂಥಾಲಯದ ಪುಸ್ತಕ ಹಳೆಯದು. ಅದರಲ್ಲಿ ಎಲ್ಲ ಕಂಪನಿಗಳೂ ಇನ್ನೂ ಹಾರುತ್ತಲೇ ಇದ್ದವು. ನನಗೆ ನೆನಪಾದದ್ದು ಬೇವಿನ ಮರದ ಕೆಳಗೆ ಮಧ್ಯಾಹ್ನವೆಲ್ಲ ಸುಮ್ಮನೆ ನಿಂತಿರುತ್ತಿದ್ದ ಗಾಡಿಗಳು.

“ಮೊದಲ ಇಡೀ ಓಣಿ ಕೂಡಿ ಒಂದ ಗಾಡಿ ಮಾಡ್ತಿದ್ರು ರೀ. ಹೊಂಡೂ ದಿನಾ ಅವರದಲ್ಲ, ತಿರುಗಿ ಬರೂ ದಿನಾನೂ ಅವರದಲ್ಲ. ಈಗ ಮನಿಗೊಂದು ಬೈಕ್ ಐತಿ. ಒಬ್ಬಗ ಮುಂಜಾನೆ ಹೋಗಬೇಕು, ಇನ್ನೊಬ್ಬಗ ಉಂಡು ಹೋಗಬೇಕು. ಅಲ್ಲೂ ಒಂದೊಂದ ಸೀಟು ಅಗ್ಗಕ್ಕ ಮಾರೂ ವಿಮಾನ ಬಂದಿರಬೇಕ್ರಿ. ತಮಗ ಬೇಕಾದ ದಿನಾ ಹೋಗಿ, ಬೇಕಾದ ದಿನಾ ಬರಾಕ ಬಂತಂದ್ರ, ಗುಂಪಿನ ಕೂಡ ಯಾರು ಹೋಗ್ತಾರ್ರಿ?”

ಮೇಡಂ ಸರ್ ಕಡೆ ನೋಡಿದರು. “ಇದು ಪುಸ್ತಕದಾಗ ಐತೇನು?”

“ಇಲ್ರಿ,” ಅಂದರು ಸರ್. ಆ ಪುಸ್ತಕವನ್ನು ಅವರೂ ಓದಿರಲಿಲ್ಲವೆಂದು ನನಗೆ ಈಗಲೂ ಅನುಮಾನ.

“ಬಹುಮಟ್ಟಿಗೆ ಹಿಂಗ ಆಗೇತಿ,” ಅಂದು ಮೇಡಂ ಅಂಕದ ಹಾಳೆ ಎಳೆದುಕೊಂಡರು. ಅಂಕ ಬರೆದ ಮೇಲೆ ಮತ್ತೊಮ್ಮೆ ಕೊನೆಯ ಪುಟ ತೆರೆದರು. “ತಂದೆಯ ನಡತೆಯೂ ಅಡ್ಡಿಯಿಲ್ಲ,” ಎಂದು ಗಟ್ಟಿಯಾಗಿ ಓದಿ, ಈ ಸಲ ಮೇಜು ಅಲುಗುವಷ್ಟು ನಕ್ಕರು.

ಅಪ್ಪ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಪಾಸಾದೆ ಎಂದಾಗ ಬಾನೆಟ್ಟಿಗೆ ಕೈಮುಗಿದ. ಶಿಗ್ಗಾಂವಿ ದಾರಿ ಹಿಡಿದ ಮೇಲೆ ಮೇಡಂ ಏನು ಕೇಳಿದರು, ನಾನು ಏನು ಹೇಳಿದೆ ಎಂಬುದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡ. ಬೈಕುಗಳು ಒಂದರ ಹಿಂದೊಂದು ನಮ್ಮನ್ನು ದಾಟಿ ಹೋದವು.

“ಅವು ಮುಚ್ಚಿದುವು, ಅಲ್ಲಾ?” ಅಂದ ಕೊನೆಗೆ.

“ಹೂಂ.”

“ಹಂಗಾರ ನಾವೇನು ಮಾಡೂನು? ಡಿಗ್ರಿ ಆದಾಕಿ ಅದಿ. ಹೇಳು.”

ಅಪ್ಪ ನನ್ನ ಸಲಹೆ ಕೇಳಿದ್ದು ಅದೇ ಮೊದಲು.

“ಗೊತ್ತಿಲ್ಲಪ್ಪಾ,” ಅಂದೆ.

ಅಪ್ಪ ಗೇರು ಬದಲಾಯಿಸಿದ. “ಚಲೋ ಆತು,” ಅಂದ, “ಮೇಡಂ ಇದನ್ನ ಕೇಳಲಿಲ್ಲ.”